ಕತ್ತಲರಾಯನ ಹಣೆ

ವಾರಗಿತ್ತಿಯರು ಒಬ್ಬರನ್ನೊಬ್ಬರು ಹೊಗಳಿದರೆ ಊರು ನಂಬುವುದಿಲ್ಲ, ಒಳಗೇನೋ ಆಸ್ತಿಯ ವಿಷಯ ಇರಬೇಕು ಅಂದುಕೊಳ್ಳುತ್ತದೆ. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ: ಸುಮಿತ್ರಕ್ಕನ ಜೊತೆ ನಾನು ಜಗಳವಾಡದ ವಾರವಿಲ್ಲ. ಅವಳು ನಮ್ಮ ಮನೆಯ ಹಿರಿಯ ಸೊಸೆ, ನಾನು ಕಿರಿಯವಳು, ತನುಜಾ. ಬೆಳಗೋಡಿನಲ್ಲಿ ಒಂದೇ ಮನೆ, ಒಂದೇ ಒಲೆ. ಸಾರಿಗೆ ಉಪ್ಪು ಜಾಸ್ತಿಯಾಯಿತು ಅಂದರೆ ಇನ್ನೊಂದು ಚಿಟಿಕೆ ಹಾಕುವ ಪೈಕಿ ಅವಳು. ತಪ್ಪಾಯ್ತು ಎಂಬ ಮಾತು ಅವಳ ಬಾಯಿಂದ ಬಂದದ್ದನ್ನು ನಾನು ಕೇಳಿಲ್ಲ, ಅವಳ ಗಂಡ ಮೃತ್ಯುಂಜಯ ಭಾವ ಕೇಳಿಲ್ಲ, ನಮ್ಮತ್ತೆ ನಂಜಮ್ಮನವರಂತೂ ಕೇಳುವ ಆಸೆಯನ್ನೇ ಕೈಬಿಟ್ಟಿದ್ದರು.

ಇಂಥವಳು ನಲವತ್ತು ದಾಟಿದ ಮೇಲೆ ಕಾಮಿಕ್ಸ್ ಪುಸ್ತಕಗಳಿಗೆ ಬಣ್ಣ ಹಚ್ಚುವವಳಾದಳು ಅಂದರೆ ನಗಬೇಡಿ. ಚಿತ್ರ ಬರೆಯಲು ಅವಳಿಗೆ ಬರುತ್ತಿರಲಿಲ್ಲ, ಒಂದು ಬೆಕ್ಕು ಬರೆ ಅಂದರೂ ಅದು ಬೆಕ್ಕೋ ಮೊರವೋ ಗೊತ್ತಾಗುತ್ತಿರಲಿಲ್ಲ. ಅವಳು ಬಾಗಿಲಿಗೆ ಹಾಕಿದ ರಂಗೋಲಿ ನೋಡಿ ಪಕ್ಕದ ಮನೆಯ ದೇವೀರಮ್ಮ, "ಕೋಳಿ ಕೆದರ್ಬುಟ್ಟೈತಾ?" ಎಂದು ಕೇಳಿದ್ದುಂಟು. ಆದರೆ ಗೆರೆಯನ್ನು ಬೇರೆಯವರು ಎಳೆದುಕೊಟ್ಟರೆ, ಒಳಗೆ ಬಣ್ಣ ತುಂಬುವುದರಲ್ಲಿ ಅವಳನ್ನು ಮೀರಿಸುವವರು ಈ ಸೀಮೆಯಲ್ಲಿ ಇರಲಿಲ್ಲ. ಇದು ಅವಳಿಗೂ ಗೊತ್ತಿರಲಿಲ್ಲ, ಮೋಹಿತನಿಗೆ ಕಾಮಾಲೆ ಬರುವವರೆಗೆ.

ಮೋಹಿತ ನಮ್ಮತ್ತೆಯ ಮಗಳ ಮಗ, ಕುಂದೂರಿನವನು. ಹಾಸನದಲ್ಲಿ ಚಿತ್ರಕಲೆ ಕಲಿತು, ಅಲ್ಲಿಯೇ ತೋಟಪ್ಪ ಎನ್ನುವವರ ಪ್ರೆಸ್ಸಿನಲ್ಲಿ ಕೆಲಸಕ್ಕಿದ್ದ. ತೋಟಪ್ಪನವರದು ಮದುವೆ ಪತ್ರಿಕೆ ಅಚ್ಚು ಹಾಕುವ ಪ್ರೆಸ್ಸು. ಮದುವೆ ಇಲ್ಲದ ತಿಂಗಳಲ್ಲಿ ಮೆಷಿನ್ನು ಖಾಲಿ ನಿಲ್ಲಬಾರದು ಎಂದು ಮಕ್ಕಳ ಕಾಮಿಕ್ಸ್ ಶುರುಮಾಡಿದ್ದರು. ಅದರ ನಾಯಕ ಸಿಡಿಲಣ್ಣ. ಬಿಗಿಯಾದ ಉಡುಪು, ಬೆನ್ನ ಮೇಲೆ ಹಾರಾಡುವ ಹೊದಿಕೆ, ಕೈ ಚಾಚಿದರೆ ಬೆರಳ ತುದಿಯಿಂದ ಸಿಡಿಲು. ಮೋಹಿತ ಕಪ್ಪು ಗೆರೆಯಲ್ಲಿ ಚಿತ್ರ ಬರೆದು, ದಪ್ಪ ಹಾಳೆಗೆ ಜೆರಾಕ್ಸ್ ಮಾಡಿಸಿ, ಅದಕ್ಕೆ ಮಾರ್ಕರ್ ಪೆನ್ನುಗಳಲ್ಲಿ ಬಣ್ಣ ತುಂಬುತ್ತಿದ್ದ. ಆಮೇಲೆ ಅದನ್ನು ಪ್ರೆಸ್ಸಿನ ಕಂಪ್ಯೂಟರಿಗೆ ಏರಿಸಿ ಅಚ್ಚು ಹಾಕುತ್ತಿದ್ದರು.

ತೊಂಬತ್ತೊಂಬತ್ತನೇ ಇಸವಿಯಲ್ಲಿ ಅವನಿಗೆ ಕಾಮಾಲೆ ಹತ್ತಿತು. ನಮ್ಮೂರ ಪಕ್ಕ ಸೊಪ್ಪಿನ ರಸ ಕೊಡುವ ನಾಟಿ ವೈದ್ಯರಿದ್ದರು, ಅದಕ್ಕಾಗಿ ನಮ್ಮ ಮನೆಗೆ ಬಂದು ಬಿದ್ದುಕೊಂಡ. ಜೊತೆಗೆ ಒಂದು ಕಟ್ಟು ಹಾಳೆ, ಒಂದು ಡಬ್ಬ ಮಾರ್ಕರು. ಬಣ್ಣ ಆಗಿರದ ಪುಟಗಳು ಹಾಗೇ ಇದ್ದವು, ಪ್ರೆಸ್ಸಿನವರು ಕಾಯುತ್ತಿದ್ದರು. ಹುಡುಗನಿಗೆ ಪೆನ್ನಿನ ಮುಚ್ಚಳ ತೆಗೆಯುವಷ್ಟೂ ತ್ರಾಣವಿರಲಿಲ್ಲ. ಮಜ್ಜಿಗೆ ಅನ್ನ ಕೊಡಲು ಹೋದ ಸುಮಿತ್ರಕ್ಕ ಡಬ್ಬವನ್ನು ಎಳೆದುಕೊಂಡು, "ಇಷ್ಟೇನಾ? ಕೊಡಿಲ್ಲಿ" ಅಂದಳು.

"ಅತ್ತೆ, ಸಿಡಿಲಣ್ಣನ ಹೊದಿಕೆಗೆ ಹಳದಿ. ಪೆನ್ಸಿಲಲ್ಲಿ ಬರ್ದಿದ್ದೀನಿ ನೋಡಿ" ಎಂದ ಮೋಹಿತ ಹಾಸಿಗೆಯಿಂದಲೇ.

"ಸುಮ್ನೆ ಮಲಗೋ ಮಾರಾಯ. ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ. ನಿನ್ ಮಾತು ಕೇಳಿ ಹಚ್ಬುಟ್ರೆ ನಾಳೆ ಎದ್ಮೇಲೆ ನೀನೇ ಬೈತೀಯ."

"ಅತ್ತೆ, ಅದು ಗಾದೆ!"

"ವೇದ ಸುಳ್ಳಾದ್ರೂ ಗಾದೆ ಸುಳ್ಳಾಗಲ್ಲ ಕಣೋ. ಮಲಗು."

ಹೊದಿಕೆಗೆ ಹಣ್ಣಾದ ಕಾಫಿಯ ಕೆಂಪು ಬಿತ್ತು. ಇವತ್ತಿಗೂ ಸಿಡಿಲಣ್ಣನನ್ನು ನೆನೆಸಿಕೊಳ್ಳುವವರು ಕೆಂಪು ಹೊದಿಕೆಯವನನ್ನೇ ನೆನೆಸಿಕೊಳ್ಳುತ್ತಾರೆ. ಹಳದಿ ಎಂದು ಒಬ್ಬ ರೋಗಿ ಗೋಗರೆದದ್ದು ಯಾರಿಗೂ ಗೊತ್ತಿಲ್ಲ.

ಆ ಮಾರ್ಕರಿನ ಗುಣವೇ ಬೇರೆ. ಅದರೊಳಗಿನದು ಸ್ಪಿರಿಟ್ ಶಾಯಿ. ಒಂದು ಅಂಚಿನಿಂದ ಹೊರಟರೆ ಇನ್ನೊಂದು ಅಂಚಿನವರೆಗೆ, ಶಾಯಿ ಹಸಿಯಾಗಿರುವಾಗಲೇ, ಎಲ್ಲೂ ನಿಲ್ಲದೆ ಹೋಗಬೇಕು. ಕೈ ಅನುಮಾನಿಸಿ ನಿಂತಿತೋ, ಆ ಜಾಗದಲ್ಲಿ ಶಾಯಿ ಇಳಿದು ಕಪ್ಪಗೆ ಕಲೆ ಕಟ್ಟುತ್ತದೆ. ಒರೆಸುವಂತಿಲ್ಲ, ಕೆರೆಯುವಂತಿಲ್ಲ. ನಾನೂ ಒಂದು ಸಲ ಕೈ ಹಾಕಿದೆ. ಕೆನ್ನೆಯ ನಡುವೆ ಬಂದಾಗ ಸರಿ ಹೋಗುತ್ತಿದೆಯೋ ಇಲ್ಲವೋ ಎಂದು ಒಂದು ಗಳಿಗೆ ಯೋಚಿಸಿದೆ, ಅಷ್ಟೇ. "ಸಿಡಿಲಣ್ಣಂಗೆ ಮಂಗನಬಾವು ಬರಿಸ್ಬುಟ್ಟಲ್ಲೇ!" ಎಂದು ಸುಮಿತ್ರಕ್ಕ ಮನೆಯೆಲ್ಲ ಕೇಳುವಂತೆ ನಕ್ಕಳು. ಆ ಪೆನ್ನು ನನ್ನಂಥವರಿಗಲ್ಲ. ಜೀವಮಾನದಲ್ಲಿ ಯಾವುದರ ಮೇಲೂ ಅನುಮಾನಪಡದ ಹೆಂಗಸಿಗೆ ಹೇಳಿ ಮಾಡಿಸಿದ್ದು. ಮಳೆಗಾಲದಲ್ಲಿ ಹಾಳೆ ತಂಡಿ ಹಿಡಿದು ಶಾಯಿ ಹರಡುತ್ತದೆ ಎಂದು ಅವಳು ಹಾಳೆಗಳನ್ನು ಅಕ್ಕಿ ಡ್ರಮ್ಮಿನೊಳಗೆ ಹುಗಿದಿಡುತ್ತಿದ್ದಳು. ಅನ್ನಕ್ಕೆ ಅಕ್ಕಿ ತೆಗೆಯಲು ಹೋದರೆ ನನ್ನ ಕೈಗೆ ಸಿಡಿಲಣ್ಣ ಸಿಗುತ್ತಿದ್ದ.

ಸ್ಪಿರಿಟ್ಟಿನ ವಾಸನೆಯಿಂದ ಒಂದು ರಾಮಾಯಣವೂ ಆಯಿತು. ಭಾವ ದೋಣಿಗಲ್ ಕಡೆಯ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು. ಸಂಜೆ ಬಸ್ಸಿಳಿದು ಬಂದು, ಹೆಂಡತಿ ಬಣ್ಣ ಹಚ್ಚುವುದನ್ನು ಪಕ್ಕದಲ್ಲಿ ಕುಳಿತು ನೋಡುವುದು ಅವರಿಗೆ ರೂಢಿಯಾಯಿತು. ಒಂದು ದಿನ ನಮ್ಮತ್ತೆ ಮಗನ ಹತ್ತಿರ ಹೋಗಿ ಮೂಸಿ, "ಈ ವಯಸ್ನಲ್ಲಿ ಶುರು ಹಚ್ಕೊಂಡ್ಯೇನೋ?" ಎಂದು ಎದೆ ಬಡಿದುಕೊಂಡರು. ಚಹಾ ಬಿಟ್ಟರೆ ಇನ್ನೊಂದು ಕುಡಿಯದ ಮನುಷ್ಯ, ಪಾಪ, ಲಿಂಗ ಮುಟ್ಟಿ ಆಣೆ ಮಾಡಿದ್ದಾಯಿತು. ಸುಮಿತ್ರಕ್ಕ ಹಸಿರು ಮಾರ್ಕರಿನ ಮುಚ್ಚಳ ತೆಗೆದು ಅತ್ತೆಯ ಮೂಗಿಗೆ ಹಿಡಿದಳು.

ಅತ್ತೆಯೂ ಆಮೇಲೆ ಅಕ್ಕಿ ಆರಿಸುವ ನೆಪದಲ್ಲಿ ಅಲ್ಲೇ ಕಾಲು ಚಾಚಿ ಕೂರತೊಡಗಿದರು. ಮೊದಲ ಸಲ ಸಿಡಿಲಣ್ಣನನ್ನು ಕಂಡಾಗ, "ಈ ಹುಡ್ಗ ಯಾಕೆ ದುಪ್ಪಟಿ ಹೊದ್ಕಂಡ್ ಓಡ್ತಾನೆ? ಚಳಿಜ್ವರನಾ?" ಎಂದು ಕೇಳಿದ್ದರು. ಇನ್ನೂ ಹತ್ತಿರ ಬಗ್ಗಿ ನೋಡಿ, "ಹಣೆ ಬರಿದಾಗೈತಲ್ಲೇ ಸುಮಿತ್ರಾ. ಹಚ್ಚಕ್ಕೆ ಮನೇಲಿ ಯಾರೂ ಇಲ್ವಾ ಇವ್ನಿಗೆ?" ಅಂದರು.

ನಮ್ಮ ಮನೆಯಲ್ಲಿ ಹಣೆ ಬರಿದಾಗಿಟ್ಟುಕೊಂಡು ಹೊಸ್ತಿಲು ದಾಟುವ ಪದ್ಧತಿ ಇಲ್ಲ. ಮಿಂದ ಕೂಡಲೇ ವಿಭೂತಿ, ಆಮೇಲೆ ಮಿಕ್ಕಿದ್ದೆಲ್ಲ. ಮಗು ಸ್ಕೂಲಿಗೆ ಹೊರಟರೂ ಅಷ್ಟೇ, ಮಗ ಕೋರ್ಟಿಗೆ ಹೊರಟರೂ ಅಷ್ಟೇ. ಸುಮಿತ್ರಕ್ಕ ಆವತ್ತು ಸಿಡಿಲಣ್ಣನ ಹಣೆಗೆ ಮೈಬಣ್ಣದ ಮಾರ್ಕರ್ ಎಳೆಯುವಾಗ ಅಡ್ಡಡ್ಡಕ್ಕೆ ಮೂರು ಗೆರೆ ಜಾಗ ಬಿಟ್ಟಳು. ಆ ಡಬ್ಬದಲ್ಲಿ ಬಿಳಿ ಪೆನ್ನೇ ಇಲ್ಲ. ಬಿಳಿ ಬೇಕಾದರೆ ಕಾಗದವನ್ನು ಹಾಗೇ ಬಿಡಬೇಕು, ಸುತ್ತ ಬಣ್ಣ ತುಂಬಬೇಕು. ಬಿಟ್ಟ ಗೆರೆಗಳು ಅಚ್ಚುಕಟ್ಟಾಗಿ ವಿಭೂತಿಯಾಗಿ ನಿಂತವು.

ಪುಸ್ತಕ ಬಂದ ಮೇಲೆ ಮೋಹಿತ ತಲೆ ಮೇಲೆ ಕೈ ಹೊತ್ತುಕೊಂಡ. ಆದರೆ ಸಕಲೇಶಪುರದಲ್ಲೂ ಆಲೂರಲ್ಲೂ ಹುಡುಗರು ಹಣೆ ತುಂಬ ವಿಭೂತಿ ಬಳಿದುಕೊಂಡು, ಅವ್ವಂದಿರ ದುಪ್ಪಟಿ ಬೆನ್ನಿಗೆ ಕಟ್ಟಿಕೊಂಡು ಬೀದಿ ಸುತ್ತತೊಡಗಿದರು. ವಿಭೂತಿ ಹಚ್ಚದ ಮನೆಯ ಹುಡುಗರು ಸೀಮೆಸುಣ್ಣ ಹಚ್ಚಿಕೊಂಡರಂತೆ. ತೋಟಪ್ಪನವರು, "ವ್ಯಾಪಾರ ಆಗೋ ಹಣೆನ ನಾನ್ಯಾಕೆ ಬೇಡ ಅನ್ಲಿ?" ಎಂದರು. ಮೋಹಿತ ಗುಣವಾಗಿ ಹಾಸನಕ್ಕೆ ಹೋದರೂ ಬಣ್ಣದ ಕೆಲಸ ಬೆಳಗೋಡಿನಲ್ಲೇ ಉಳಿಯಿತು. ಪ್ರತಿ ತಿಂಗಳು ಹಾಳೆಗಳು ಬಸ್ಸಿನಲ್ಲಿ ಬರುತ್ತಿದ್ದವು, ಬಸ್ಸಿನಲ್ಲೇ ಹೋಗುತ್ತಿದ್ದವು.

ಒಂದೇ ಒಂದು ಕೊರತೆ. ಪುಸ್ತಕದ ಮೊದಲ ಪುಟದಲ್ಲಿ "ಚಿತ್ರ, ಬಣ್ಣ: ಮೋಹಿತ್" ಎಂದೇ ಅಚ್ಚಾಗುತ್ತಿತ್ತು. ಮೋಹಿತನದೇನೂ ಕಪಟವಿರಲಿಲ್ಲ, ಮೊದಲು ಹಾಗೆ ಹಾಕಿದ್ದರು, ಯಾರೂ ಬದಲಾಯಿಸಲಿಲ್ಲ, ಅಷ್ಟೇ. ಆದರೆ ಸುಮಿತ್ರಕ್ಕ ಪ್ರತಿ ಸಲ ಪುಸ್ತಕ ಬಂದಾಗಲೂ ಮೊದಲು ಆ ಪುಟ ತೆಗೆಯುತ್ತಿದ್ದಳು. ನೋಡಿ ಮುಚ್ಚಿಡುತ್ತಿದ್ದಳು. ಮದುವೆ ಪತ್ರಿಕೆಯಲ್ಲಿ ಬಿಟ್ಟರೆ ಅವಳ ಹೆಸರು ಎಲ್ಲೂ ಅಚ್ಚಾಗಿರಲಿಲ್ಲ, ನನ್ನದೂ ಅಷ್ಟೇ. ಆ ಸಂಕಟ ನನಗೆ ಗೊತ್ತಾಗುತ್ತಿತ್ತು. ಆದರೂ ನಾನು ಸಮಾಧಾನ ಹೇಳಲಿಲ್ಲ, ಹೇಳಿದರೆ ನನ್ನ ಮೇಲೇ ಹರಿಹಾಯುತ್ತಿದ್ದಳು.

ಎರಡು ಸಾವಿರದ ಎರಡರ ಯುಗಾದಿಗೆ ದೊಡ್ಡ ವಿಶೇಷ ಸಂಚಿಕೆ ತರಬೇಕೆಂದು ತೋಟಪ್ಪನವರು ಮೋಹಿತನ ಜೊತೆ ನಮ್ಮ ಮನೆಗೇ ಬಂದರು. ಕಡುಬು, ಕಾಳುಪಲ್ಯ ಬಡಿಸಿ, ಕೈಯಲ್ಲಿ ತುಪ್ಪದ ಗಿಂಡಿ ಹಿಡಿದು ನಿಂತ ಸುಮಿತ್ರಕ್ಕ ನೇರವಾಗಿ ಕೇಳಿದಳು. "ಬಣ್ಣ ಸುಮಿತ್ರಮ್ಮ, ಬೆಳಗೋಡು ಅಂತ ಹಾಕ್ತೀರಾ? ಇಲ್ಲಾಂದ್ರೆ ನಿಮ್ ಪೆನ್ನು ನೀವೇ ತಗಂಡ್ಹೋಗಿ."

"ಹಾಕ್ಸಾನ ಕಣಮ್ಮ. ಅದಕ್ಕೇನಂತೆ" ಎಂದರು ತೋಟಪ್ಪನವರು. ಎಲೆಯ ಮುಂದೆ ಕುಳಿತು ಕೊಟ್ಟ ಮಾತು. ಆಗ ತುಪ್ಪ ಬಿತ್ತು.

ವಿಶೇಷ ಸಂಚಿಕೆಯ ಕಥೆಯಲ್ಲಿ ಕತ್ತಲರಾಯ ಎಂಬ ಖಳ. ಊರೂರಿನ ಬಲ್ಬುಗಳ ಬೆಳಕನ್ನೆಲ್ಲ ಒಂದು ಚೀಲಕ್ಕೆ ಹೀರಿಕೊಂಡು ಬೆಟ್ಟದ ಗವಿಯಲ್ಲಿ ಬಚ್ಚಿಡುವವನು. ನಮ್ಮಲ್ಲಿ ಕರೆಂಟ್ ಹೋದಾಗಲೆಲ್ಲ, "ಬಂದ ನೋಡಪ್ಪ ಕತ್ತಲರಾಯ" ಎನ್ನುವುದು ರೂಢಿಯಾಯಿತು. ಪುಟಗಳು ಮಾಮೂಲಿಗಿಂತ ಎರಡರಷ್ಟು. ಶಿವರಾತ್ರಿಯ ಆಸುಪಾಸಿನಲ್ಲೇ ಕೆಲಸ. ಮನೆಗೆ ಬಂದು ಹೋಗುವವರೆಲ್ಲರ ಹಣೆಯಲ್ಲೂ ದಪ್ಪ ದಪ್ಪ ವಿಭೂತಿ. ಸುಮಿತ್ರಕ್ಕ ಬೆಳಗಿನ ಕೆಲಸ ಮುಗಿಸಿ ಪಡಸಾಲೆಯ ಕಿಟಕಿಯ ಬೆಳಕಿಗೆ ಕುಳಿತರೆ ಊಟಕ್ಕೇ ಏಳುವುದು. ಅಡುಗೆ ನನ್ನ ತಲೆಗೆ ಬಿತ್ತು. ಗೊಣಗುತ್ತಲೇ ಮಾಡಿದೆ, ನಡುನಡುವೆ ಬಂದು ಅವಳು ಮುಗಿಸಿದ ಹಾಳೆಗಳನ್ನು ಆರಹಾಕಿದೆ. ಎಲ್ಲ ಮುಗಿದ ದಿನ ಮೋಹಿತ ಬಂದು ನೋಡಿ, "ಅತ್ತೆ, ಇಂಥದು ನೀವು ಇದುವರೆಗೆ ಮಾಡಿರಲಿಲ್ಲ" ಎಂದ. ಅವಳು, "ಗೊತ್ತು" ಅಂದಳು.

ಅವನು ಹಾಳೆಗಳನ್ನು ಒಯ್ದ ಮಾರನೇ ದಿನ ಮಧ್ಯಾಹ್ನಕ್ಕೇ ನಮ್ಮ ಬಾಗಿಲಲ್ಲಿ ಜೀಪು ನಿಂತಿತು. ತೋಟಪ್ಪನವರು ಇಳಿದರು. ಹಿಂದೆ ಹಾಳೆಗಳ ಕಟ್ಟು ಹಿಡಿದು, ಮುಖ ಸಣ್ಣ ಮಾಡಿಕೊಂಡ ಮೋಹಿತ. ನೀರು ಕೊಟ್ಟರೆ ತೋಟಪ್ಪನವರು ಕುಡಿಯಲಿಲ್ಲ.

"ಏನಮ್ಮ ಇದು? ಖಳನ ಹಣೆಗೆ ವಿಭೂತಿ!"

ನಮಗೆ ಅರ್ಥವಾಗಲಿಲ್ಲ. ಮೋಹಿತ ಹಾಳೆಗಳನ್ನು ಜಗಲಿಯ ಮೇಲೆ ಹರಡಿದ. ಬಗ್ಗಿ ನೋಡಿದೆ. ಸಿಡಿಲಣ್ಣನ ಹಣೆಯಲ್ಲಿ ಮೂರು ಗೆರೆ, ಸರಿ. ಚಹಾದಂಗಡಿಯವನ ಹಣೆಯಲ್ಲಿ ಮೂರು ಗೆರೆ. ಪೊಲೀಸನಿಗೂ, ಕಂಬ ಹತ್ತಿದ ಲೈನ್‌ಮ್ಯಾನಿಗೂ. ಬೆಳಕು ಕದ್ದು ಓಡುತ್ತಿದ್ದ ಕತ್ತಲರಾಯನ ಹಣೆಯಲ್ಲೂ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಎದ್ದು ಕಾಣುವ ವಿಭೂತಿ. ಅಷ್ಟು ದಿನ ಪಕ್ಕದಲ್ಲೇ ಇದ್ದು ಹಾಳೆ ಆರಹಾಕಿದ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಅತ್ತೆ ನೋಡಿರಲಿಲ್ಲ, ಭಾವ ನೋಡಿರಲಿಲ್ಲ, ಮೋಹಿತನೂ ನೋಡಿರಲಿಲ್ಲ. ನಮಗೆ ಅದು ಹಣೆ, ಅಷ್ಟೇ. ಹಣೆ ಇರುವುದೇ ಹಾಗೆ. ತೋಟಪ್ಪನವರೇ ಹಿಂದಿನ ಸಂಜೆ ಎಲ್ಲ ತಿರುವಿಹಾಕಿ ಭೇಷ್ ಎಂದಿದ್ದರಂತೆ. ಕೊನೆಗೆ ಕಂಡದ್ದು ಪ್ರೆಸ್ಸಿನಲ್ಲಿ ಕಂಪ್ಯೂಟರ್ ಕೆಲಸ ಮಾಡುವ ಶ್ರುತಿಗೆ. ಅವಳದು ವಿಭೂತಿ ಹಚ್ಚುವ ಮನೆಯಲ್ಲ. "ಸಾರ್, ಇವನೂ ನಿಮ್ಮ ಪೈಕಿನಾ?" ಎಂದು ಕೇಳಿದಳಂತೆ.

"ಇದು ಅಚ್ಚಾಗಿ ಹೊರಗೆ ಹೋದ್ರೆ ನಾಳೆ ನನ್ ಪ್ರೆಸ್ಸಿಗೆ ಮದ್ವೆ ಪತ್ರಿಕೆ ಮಾಡ್ಸಕ್ಕೆ ಯಾವ ಬೀಗರು ಬತ್ತಾರೆ? ನಮ್ಮೋರ್ನ ಕಳ್ರು ಮಾಡ್ದ ಅಂತ ಬಾಗ್ಲಿಗೆ ಬಂದು ಉಗೀತಾರೆ" ಎಂದರು ತೋಟಪ್ಪನವರು. "ನಾಳೆ ಇದು ಮೆಷಿನ್ನಿಗೆ ಏರ್ಬೇಕು. ಆಮೇಲೆ ಲಗ್ನದ ಕಾಲ, ಮೆಷಿನ್ನು ಬಿಡುವಿಲ್ಲ. ಈಗ್ಲೇ ಕೂತು ಆ ಗೆರೆಗಳ್ನ ಮುಚ್ಚಿಕೊಡಿ. ಮುಚ್ಚಿದ್ರೆ ನಿಮ್ಮೆಸ್ರು, ಇಲ್ದಿದ್ರೆ ಇಲ್ಲ."

ಸುಮಿತ್ರಕ್ಕ ತಪ್ಪಾಯ್ತು ಅನ್ನಲಿಲ್ಲ. ಒಳಗೆ ಹೋಗಿ ಡಬ್ಬ ತಂದಳು. ಮೈಬಣ್ಣದ ಮಾರ್ಕರಿನಿಂದ ಒಂದು ಹಾಳೆಯಲ್ಲಿ ಕತ್ತಲರಾಯನ ಹಣೆಯ ಬಿಳಿ ಗೆರೆಗಳ ಮೇಲೆ ಎಳೆದಳು. ಬಿಳಿ ಹೋಯಿತು, ಗೆರೆ ಹೋಗಲಿಲ್ಲ. ಮೊದಲೇ ಒಣಗಿದ ಬಣ್ಣಕ್ಕೂ ಈಗ ಹಾಕಿದ ಬಣ್ಣಕ್ಕೂ ಕೂಡಿದ ಜಾಗದಲ್ಲಿ ಅಂಚು ಉಳಿದು, ಮೂರು ಮಾಸಲು ಪಟ್ಟೆಗಳು ಹಾಗೇ ಕಂಡವು. ಮಾರ್ಕರಿನ ಹಣೆಬರಹವೇ ಅದು. ತೋಟಪ್ಪನವರು, "ಹೋಗ್ಲಿಲ್ವಲ್ಲ, ಇನ್ನೂ ಕಾಣ್ತೈತಲ್ಲ!" ಎಂದು ಹಣೆ ಚಚ್ಚಿಕೊಂಡರು.

ಸುಮಿತ್ರಕ್ಕ ಆ ಹಾಳೆಯನ್ನು ದೂರ ಹಿಡಿದು ನೋಡಿದಳು. ಅವಳ ಮುಖದಲ್ಲಿ ಏನೋ ಹೊಳೆದದ್ದು ನನಗೆ ಕಂಡಿತು, ಒಗ್ಗರಣೆಗೆ ಇಂಗು ಸಾಲದು ಎಂದು ಗೊತ್ತಾದಾಗ ಅವಳ ಮುಖ ಹಾಗಾಗುತ್ತದೆ.

"ಬೆವರಿಗೆ ವಿಭೂತಿ ಅಳಿಯೋದೂ ಹಿಂಗೇ ಅಲ್ವೇನ್ರೀ?" ಅಂದಳು.

ಹಾಳೆಗಳನ್ನು ಕಥೆಯ ಕ್ರಮದಲ್ಲಿ ಜೋಡಿಸಿಕೊಂಡಳು. ಕತ್ತಲರಾಯ ಮೊದಲು ಕಾಣುವ ಪುಟದಲ್ಲಿ ಅವನಿನ್ನೂ ಏನೂ ಕದ್ದಿರಲಿಲ್ಲ. ಅದನ್ನು ಮುಟ್ಟಲಿಲ್ಲ. ಮೊದಲ ಊರಿನ ಬೆಳಕು ಕದ್ದ ಪುಟದಲ್ಲಿ ತೀರ ತಿಳಿಯಾದ ಬಣ್ಣದಿಂದ ಒಂದು ಗೆರೆಯನ್ನು ಮಂಕು ಮಾಡಿದಳು. ಆಸ್ಪತ್ರೆಯ ಬೆಳಕು ಕದ್ದ ಪುಟದಲ್ಲಿ ಎರಡು. ಅವನು ಓಡಿದಷ್ಟೂ, ಕದ್ದಷ್ಟೂ ವಿಭೂತಿ ಕರಗುತ್ತ ಬಂತು. ಗವಿಯ ಪುಟಗಳಲ್ಲಿ ಹೇಗೂ ಕತ್ತಲು, ಇಡೀ ಮುಖಕ್ಕೆ ಬೂದು ನೀಲಿ ಎಳೆದುಬಿಟ್ಟಳು, ಅಲ್ಲಿ ಹಣೆ ಪೂರ್ತಿ ಬರಿದಾಯಿತು. ಒಂದು ಗೆರೆಗೂ ಅವಳ ಕೈ ತಡವರಿಸಲಿಲ್ಲ. ತೋಟಪ್ಪನವರು ನಿಂತಿದ್ದವರು ಕುಳಿತರು, ಕುಳಿತವರು ಹತ್ತಿರ ಸರಿದರು. ನಾನು ಒಲೆಯ ಮೇಲಿನ ಹಾಲು ಉಕ್ಕಿಸಿಕೊಂಡೆ. ನೀವು ಏನಾದರೂ ಅನ್ನಿ, ಆ ಹೊತ್ತಿನಲ್ಲಿ ಅವಳು ನಮ್ಮ ಮನೆಯವಳು ಎಂದು ನನಗೆ ಎದೆ ಉಬ್ಬಿತು.

ಕೊನೆಯ ಪುಟ ಬಂತು. ಸಿಡಿಲಣ್ಣ ಗೆದ್ದಿದ್ದಾನೆ, ಊರಿಗೆಲ್ಲ ಬೆಳಕು ಬಂದಿದೆ. ಕತ್ತಲರಾಯ ಕೈ ಕಟ್ಟಿಸಿಕೊಂಡು, ತಲೆ ತಗ್ಗಿಸಿ ಜನರ ನಡುವೆ ನಿಂತಿದ್ದಾನೆ. ಅವನ ಹಣೆಯಲ್ಲಿ ಮೂರು ಗೆರೆ ಬೆಳ್ಳಗೆ ಇದ್ದವು. ಸುಮಿತ್ರಕ್ಕ ಅದನ್ನು ನೋಡಿ, ಮಾರ್ಕರಿನ ಮುಚ್ಚಳ ಹಾಕಿ ಡಬ್ಬದಲ್ಲಿಟ್ಟಳು.

"ಇದೊಂದು ಉಳೀತಲ್ಲಮ್ಮ. ಮುಚ್ಚಿ" ಎಂದರು ತೋಟಪ್ಪನವರು.

"ಇದು ಇರ್ಲಿ."

"ಯಾಕಿರ್ಬೇಕು? ಬರಿದಾದ ಹಣೆ ಮತ್ತೆ ಬೆಳ್ಳಗೆ ಹೆಂಗಾಯ್ತು? ನೋಡಿದೋರು ನಗಲ್ವಾ?"

ಇದುವರೆಗೆ ಗೋಡೆಗೊರಗಿ ಕುಳಿತಿದ್ದ ನಮ್ಮತ್ತೆ ಬಾಯಿ ಬಿಟ್ಟರು. "ಸಿಕ್ಕಾಕಂಡ್ಮೇಲೆ ಅವ್ನ ಅವ್ವ ಬಂದಿರಲ್ವೇನಪ್ಪ? ಜೈಲಿಗೆ ಹೋಗೋ ಮಗ ಆದ್ರೂ ಬರಿ ಹಣೇಲಿ ಕಳ್ಸಕ್ಕಾಯ್ತದಾ?"

ತೋಟಪ್ಪನವರು ಹಾಳೆಯನ್ನು ಮತ್ತೊಮ್ಮೆ ಎತ್ತಿ ನೋಡಿದರು. ಆದರೆ ವ್ಯಾಪಾರಸ್ಥರು, ಅಷ್ಟು ಬೇಗ ಬಗ್ಗಲಿಲ್ಲ. "ಅದೆಲ್ಲ ಸರಿ ಕಣವ್ವ. ನಾನು ಮಾತು ಆಡಿಬುಟ್ಟಿದ್ದೀನಿ. ಮುಚ್ಚಿದ್ರೆ ಹೆಸ್ರು, ಇಲ್ದಿದ್ರೆ ಇಲ್ಲ."

ಒಂದು ಹಣೆಯಲ್ಲಿ ಮೂರು ಗೆರೆ, ಮುಚ್ಚಿಬಿಟ್ಟರೆ ಆಯಿತಲ್ಲ, ಇವಳಿಗೇನು ಹಟ ಎಂದು ನನಗನ್ನಿಸಿತು. ಮುಚ್ಚೇ ತಾಯಿ ಎಂದು ಕಣ್ಸನ್ನೆ ಮಾಡಿದೆ. ಅವಳು ನನ್ನ ಕಡೆ ನೋಡಲೂ ಇಲ್ಲ. ಹರಡಿದ್ದ ಹಾಳೆಗಳನ್ನು ಒಟ್ಟು ಮಾಡಿ, ತಟ್ಟಿ ಸರಿಮಾಡಿ, ತನ್ನ ಮಡಿಲಲ್ಲಿಟ್ಟುಕೊಂಡಳು.

"ಹೆಸ್ರೂ ಹಾಕಿ, ಹಣೆನೂ ಬುಡಿ. ಎರಡ್ರಲ್ಲಿ ಒಂದು ಅನ್ನೋದಾದ್ರೆ ಹಾಳೆ ಇಲ್ಲೇ ಇರ್ಲಿ. ಅಕ್ಕಿ ಡ್ರಮ್ಮಲ್ಲಿ ಜಾಗ ಐತೆ."

ಮೋಹಿತ ಆಕಾಶ ನೋಡತೊಡಗಿದ. ತೋಟಪ್ಪನವರು ಅವಳ ಮುಖ ನೋಡಿದರು, ಮಡಿಲ ಹಾಳೆ ನೋಡಿದರು. ಕೊನೆಗೆ ಎದ್ದು ಕೈ ಚಾಚಿದರು. ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಅವಳು ಕೊಟ್ಟಳು. ಜೀಪು ಹೋಯಿತು. "ಹಾಕ್ತಾರೆ ಅಂತೀಯಾ?" ಎಂದು ಕೇಳಿದೆ. "ಹಾಕ್ದೆ ಏನು" ಎಂದು ಒಳಗೆ ಹೋದಳು. ಆದರೆ ಆವತ್ತಿನಿಂದ ಬಸ್ಸಿನ ಹಾರ್ನ್ ಕೇಳಿದಾಗಲೆಲ್ಲ ಅವಳು ಕೆಲಸ ಬಿಟ್ಟು ಬಾಗಿಲಿಗೆ ಬರುತ್ತಿದ್ದಳು. ನಾನು ಕಂಡೂ ಕಾಣದಂತಿದ್ದೆ.

ಯುಗಾದಿಯ ಹಿಂದಿನ ದಿನ ಪುಸ್ತಕ ಬಂತು. ಬಸ್‌ಸ್ಟ್ಯಾಂಡಿನ ಅಂಗಡಿಗೆ ಒಂದು ಕಟ್ಟು, ಮನೆಗೆಂದು ಬೇರೆ ಒಂದು ಪ್ರತಿ. ಭಾವನಿಗೆ ಹಬ್ಬದ ರಜೆ, ಅವರೇ ತಂದರು. ಸುಮಿತ್ರಕ್ಕನ ಕೈ ಹೂರಣದಲ್ಲಿತ್ತು. "ನೀನೇ ತೆಗ್ದು ಓದು" ಎಂದು ನನಗೆ ಹೇಳಿದಳು. ಮೊದಲು ಕೊನೆಯ ಪುಟ ತೆಗೆದೆ. ಕತ್ತಲರಾಯನ ಹಣೆಯಲ್ಲಿ ಮೂರು ಗೆರೆ ಬೆಳ್ಳಗೆ ಇದ್ದವು. ತೋಟಪ್ಪನವರು ಬಿಟ್ಟಿದ್ದರು. ಖುಷಿಯಲ್ಲಿ ಮೊದಲ ಪುಟಕ್ಕೆ ತಿರುಗಿಸಿ ಗಟ್ಟಿಯಾಗಿ ಓದಿದೆ.

"ಚಿತ್ರ: ಮೋಹಿತ್. ಬಣ್ಣ: ಶ್ರೀಮತಿ ಮೃತ್ಯುಂಜಯ, ಬೆಳಗೋಡು."

ಓದಿ ಮುಗಿದ ಮೇಲೆ ಏನು ಓದಿದೆ ಎಂದು ನನಗೇ ತಿಳಿಯಿತು. ತೋಟಪ್ಪನವರು ಮೋಸ ಮಾಡಿರಲಿಲ್ಲ. ಗೌರವವಾಗಿ, ದಪ್ಪಕ್ಷರದಲ್ಲಿ ಹಾಕಿಸಿದ್ದರು. ಜೀವನವೆಲ್ಲ ಮದುವೆ ಪತ್ರಿಕೆ ಅಚ್ಚು ಹಾಕಿದವರು, ಮರ್ಯಾದಸ್ಥ ಹೆಂಗಸಿನ ಹೆಸರು ಬರೆಯುವುದೆಂದರೆ ಅವರಿಗೆ ಗೊತ್ತಿದ್ದದ್ದು ಅದೊಂದೇ ಬಗೆ. ಅದು ಗೊತ್ತಿದ್ದೂ ನನಗೆ ಸಿಟ್ಟು ಬಂತು. ಸುಮಿತ್ರಕ್ಕ ಕೈ ತೊಳೆದು ಬಂದಳು, ಪುಸ್ತಕ ಇಸಿದುಕೊಂಡಳು, ಡಬ್ಬದಿಂದ ಕಪ್ಪು ಮಾರ್ಕರ್ ತೆಗೆದಳು.

"ಏಯ್! ಏನ್ ಮಾಡ್ತಿದ್ದೀಯೇ?" ಎಂದು ಅತ್ತೆ ಕೂಗಿದರು. "ಮುತ್ತೈದೆ ಗಂಡನ್ ಹೆಸ್ರು ಹೊಡ್ದಾಕ್ತಾಳಾ? ನಾಳೆ ಯುಗಾದಿ. ಬ್ಯಾಡ ಕಣೇ, ನನ್ ಮಗನ ಆಯುಸ್ಸು."

ಪೆನ್ನಿನ ಮೊನೆ ಆಗಲೇ ಕಾಗದಕ್ಕೆ ತಾಗಿತ್ತು. ಅವಳ ಕೈ ನಿಂತಿತು. ಅಷ್ಟು ವರ್ಷದಲ್ಲಿ ಅವಳ ಕೈ ಕಾಗದದ ಮೇಲೆ ನಿಂತದ್ದನ್ನು ನಾನು ನೋಡಿದ್ದು ಅದೊಂದೇ ಸಲ. "ಮೃ" ಅಕ್ಷರದ ಮೇಲೆ ಶಾಯಿ ಇಳಿದು, ಮೆಲ್ಲಗೆ ಹರಡಿ, ಕಪ್ಪು ಬೊಟ್ಟು ದೊಡ್ಡದಾಗುತ್ತ ಹೋಯಿತು. ಅವಳು ಪೆನ್ನು ಎತ್ತಲೂ ಇಲ್ಲ, ಎಳೆಯಲೂ ಇಲ್ಲ. ಅವಳ ಕಣ್ಣಲ್ಲಿ ನೀರು ತುಂಬಿತು.

ಭಾವ ಮಾವಿನ ಸೊಪ್ಪು ಕಟ್ಟುತ್ತಿದ್ದವರು ಸ್ಟೂಲಿನಿಂದ ಇಳಿದು ಬಂದರು. ಪುಸ್ತಕದೊಳಗೆ ಒಮ್ಮೆ ನೋಡಿದರು. ಮನೆಯಲ್ಲಿ ನಮ್ಮೆಲ್ಲರ ಗಲಾಟೆಯ ನಡುವೆ ಅವರ ದನಿ ಕೇಳುವುದೇ ಅಪರೂಪ. ಹೆಂಡತಿಯ ಬೆರಳುಗಳಿಂದ ಮಾರ್ಕರನ್ನು ಬಿಡಿಸಿಕೊಂಡರು.

"ನನ್ ಹೆಸ್ರು ನಾನು ಹೊಡ್ಕಂಡ್ರೆ ಯಾವ ದೋಷವೂ ಇಲ್ಲ ಕಣವ್ವ" ಎಂದು ಹೇಳಿ, ಶ್ರೀಮತಿಯಿಂದ ಶುರುಮಾಡಿ ಮೃತ್ಯುಂಜಯದ ಕೊನೆಯವರೆಗೆ ಒಂದೇ ಗೆರೆ ಎಳೆದರು. ಡೊಂಕಾಗಿತ್ತು, ಆದರೆ ಎಲ್ಲೂ ನಿಲ್ಲಲಿಲ್ಲ. ಆಮೇಲೆ ಪೆನ್ನನ್ನು ಅವಳಿಗೆ ವಾಪಸು ಕೊಟ್ಟರು. "ಬರಿ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ಗೆರೆಯ ಮೇಲ್ಗಡೆ, ಅಚ್ಚಿನ ಅಕ್ಷರಕ್ಕಿಂತ ದಪ್ಪವಾಗಿ ಬರೆದಳು: ಸುಮಿತ್ರಮ್ಮ.

ಭಾವ ಅಷ್ಟಕ್ಕೇ ಬಿಡಲಿಲ್ಲ. ಬಸ್‌ಸ್ಟ್ಯಾಂಡಿಗೆ ಹೋಗಿ ಅಂಗಡಿಯವನ ಕಟ್ಟನ್ನು ಹಾಗೇ ಹೊತ್ತು ತಂದರು. ಹೋಳಿಗೆ ಅಲ್ಲಿಗೇ ನಿಂತಿತು. ಜಗಲಿಯ ಮೇಲೆ ಗಂಡ ಹೆಂಡತಿ ಎದುರುಬದುರು ಕುಳಿತರು. ಅವರು ತಮ್ಮ ಹೆಸರಿನ ಮೇಲೆ ಗೆರೆ ಎಳೆದು ದಾಟಿಸುತ್ತಿದ್ದರು, ಇವಳು ತನ್ನ ಹೆಸರು ಬರೆದು ನನಗೆ ಕೊಡುತ್ತಿದ್ದಳು, ನಾನು ಆರಲು ಹರಡುತ್ತಿದ್ದೆ. ಅತ್ತೆ ಶಿವಶಿವಾ ಅನ್ನುತ್ತಲೇ ಗಾಳಿಗೆ ಹಾರದಂತೆ ಪುಸ್ತಕಗಳ ಮೇಲೆ ತೆಂಗಿನಕಾಯಿ ಇಟ್ಟರು.

ಕಾಗದ ತೆಳ್ಳಗಿತ್ತು. ಪುಟ ತಿರುಗಿಸಿದಾಗ ನಾನು ಗಾಬರಿಯಾದೆ. ಹಿಂಬದಿಯಲ್ಲಿ ಎದೆ ಸೆಟೆಸಿ ನಿಂತ ಸಿಡಿಲಣ್ಣನ ದೊಡ್ಡ ಚಿತ್ರವಿತ್ತು. ಶಾಯಿ ಅಲ್ಲಿಗೂ ಇಳಿದು, ಅವನ ಎದೆಯ ಮೇಲೆ ಸುಮಿತ್ರಮ್ಮ ಎಂಬ ಹೆಸರು ಉಲ್ಟಾ ಮೂಡಿತ್ತು.

"ಅಯ್ಯೋ ಅಕ್ಕ, ಹಿಂದಕ್ಕೂ ಇಳ್ದೈತೆ!" ಎಂದೆ.

ಅವಳು ತಲೆ ಎತ್ತಲಿಲ್ಲ. ಭಾವ ಕೊಟ್ಟ ಮುಂದಿನ ಪುಸ್ತಕವನ್ನು ಎಳೆದುಕೊಂಡಳು.

"ಇಳೀಲಿ ಬುಡು. ಅವ್ನೂ ಒಸಿ ಹೊತ್ಕಳ್ಲಿ."